ಒಪ್ಪಿ ಇಳಿದವನ ಪ್ರಾಣಕ್ಕೆ ಹೊಣೆ ಯಾರು?

ಕೂಲಿಗೆ ಬಂದವನೊಬ್ಬನು ಬಾವಿಯಲ್ಲಿಯೋ ಕಲ್ಲುಗಣಿಯಲ್ಲಿಯೋ ಮಲದ ಗುಂಡಿಯಲ್ಲಿಯೋ ಸತ್ತನೆಂಬ ಸುದ್ದಿ ಊರಿಗೆ ಮುಟ್ಟಿದಾಗ, ಅವನ ಶವವನ್ನು ಮೇಲಕ್ಕೆ ತೆಗೆಯುವದಕ್ಕಿಂತ ಮುಂಚೆಯೇ ಒಂದು ಮಾತು ಜನರ ಬಾಯಿಂದ ಹೊರಡುವದುಂಟು. ‘ಅವನನ್ನು ಯಾರೂ ತಳ್ಳಲಿಲ್ಲ; ಅಪಾಯವೆಂದು ಅವನಿಗೂ ಗೊತ್ತಿತ್ತು; ಕೂಲಿಗೆ ಒಪ್ಪಿ ತಾನೇ ಇಳಿದನು’ ಎಂಬದೇ ಆ ಮಾತು. ಹೀಗೆ ಹೇಳುವವರೆಲ್ಲರು ಕಠಿಣ ಹೃದಯದವರೆಂದು ನಾನು ಎಣಿಸುವದಿಲ್ಲ. ಸತ್ತವನಿಗಾಗಿ ಅಳುವವರ ಬಾಯಲ್ಲಿಯೂ ಇದೇ ಮಾತು ಬರುತ್ತದೆ. ಮಾತು ಸುಳ್ಳೂ ಅಲ್ಲ. ಆದರೂ ಅದನ್ನು ಆಡಿದ ಕೂಡಲೆ ಕೆಲಸಕ್ಕೆ ಕರೆದವನ ಹೆಗಲಿನಿಂದ ಒಂದು ಭಾರವು ಇಳಿದು ಸತ್ತವನ ಎದೆಯ ಮೇಲೆ ಕೂತುಕೊಳ್ಳುತ್ತದೆ. ಪ್ರಿಯ ವಾಚಕರೇ, ಆ ಭಾರವು ಅಲ್ಲಿ ಕೂರುವದು ನ್ಯಾಯವೋ ಎಂಬದನ್ನೇ ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ನಮ್ಮ ಸಭೆಗಳಲ್ಲಿ ಕೂಲಿಗೆ ಹೋಗುವವರೂ ಇದ್ದಾರೆ, ಕೂಲಿಗೆ ಕರೆಯುವವರೂ ಇದ್ದಾರೆ. ಒಬ್ಬನೇ ಮನುಷ್ಯನು ಸೋಮವಾರ ಆಳಾಗಿಯೂ ಶನಿವಾರ ಧಣಿಯಾಗಿಯೂ ಇರುವದುಂಟು. ಆದದರಿಂದ ಇದು ಪಟ್ಟಣದ ವಕೀಲರಿಗೆ ಬಿಟ್ಟುಬಿಡತಕ್ಕ ಸಂಗತಿಯಲ್ಲ.

ಮೊದಲು ನಮಗೆ ಪರಿಚಯವಿರುವ ಒಂದು ಗುಂಡಿಯಿಂದ ಆರಂಭಿಸೋಣ. ಉತ್ತರ ಕರ್ನಾಟಕದಲ್ಲಿ ಜೋಳವನ್ನು ನೆಲದೊಳಗೆ ತುಂಬಿಡುತ್ತಿದ್ದ ಹಗೇವುಗಳನ್ನು ಹಿರಿಯರು ಬಲ್ಲರು. ಕಾಳು ಸತ್ತ ವಸ್ತುವಲ್ಲ, ಅದು ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಅದು ಪ್ರಾಣವಾಯುವನ್ನು ಹೀರಿಕೊಂಡು ಇಂಗಾಲಾಮ್ಲ ವಾಯುವನ್ನು ಬಿಡುವದರಿಂದ, ತಿಂಗಳುಗಳು ಕಳೆದ ಮೇಲೆ ಒಳಗೆ ಮನುಷ್ಯನು ಬದುಕತಕ್ಕ ಗಾಳಿ ಉಳಿಯುವದಿಲ್ಲ. ಇಂಗಾಲಾಮ್ಲವು ಸಾಧಾರಣ ಗಾಳಿಗಿಂತ ಭಾರವಾದದ್ದು. ತಳದಲ್ಲಿ ನೀರಿನಂತೆ ನಿಂತಿರುತ್ತದೆ, ಕಣ್ಣಿಗೆ ಕಾಣಿಸುವದಿಲ್ಲ. ಆದದರಿಂದ ಬುದ್ಧಿಯುಳ್ಳ ಮನೆಯವರು ಬಾಯಿ ತೆರೆದು ಬಹಳ ಹೊತ್ತು ಹಾಗೇ ಬಿಡುವರು; ಅನಂತರ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಯಬಿಡುವರು; ದೀಪವು ಆರಿದರೆ ಆ ದಿವಸ ಯಾರೂ ಇಳಿಯಕೂಡದು. ಇದನ್ನು ಯಾವ ಸರ್ಕಾರವೂ ಬರೆದುಕೊಡಲಿಲ್ಲ. ಆದರೂ ಇದು ಕಟ್ಟಳೆಯೇ. ಅದರಲ್ಲಿ ಒಂದು ವಿಶೇಷವನ್ನು ನೋಡಿರಿ: ದೀಪ ಇಳಿಸುವ ಕೆಲಸವು ಕಾಳಿನ ಒಡೆಯನದು. ಆಳು ಧೈರ್ಯಶಾಲಿಯೋ ಅಂಜುಬುರುಕನೋ, ಒಪ್ಪಿದನೋ ಇಲ್ಲವೋ ಎಂದು ದೀಪವು ಕೇಳುವದಿಲ್ಲ.

ಈ ಹಳೆಯ ಕಟ್ಟಳೆಯನ್ನು ಇಂದಿನ ಗುಂಡಿಗಳಿಗೆ ಹಾಗೆಯೇ ಹಚ್ಚಿದರೆ ಕೇಡು ಬರುವದೆಂದು ಇಲ್ಲಿಯೇ ಹೇಳಿಬಿಡಬೇಕು. ಮಲದ ತೊಟ್ಟಿಯಲ್ಲಿ ಹುಟ್ಟುವ ಅನಿಲಗಳಲ್ಲಿ ಮೀಥೇನ್ ಉರಿಯುವಂಥಾದ್ದು. ದೀಪ ತಗಲಿದರೆ ಗುಂಡಿಯೇ ಸಿಡಿದೀತು. ಇನ್ನೊಂದು ಹೈಡ್ರೋಜನ್ ಸಲ್ಫೈಡ್. ಇದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವದರಿಂದ ನಾತವು ನಿಂತುಹೋದಂತೆ ತೋರುತ್ತದೆ. ನಾತವಿಲ್ಲವೆಂದು ಧೈರ್ಯಗೊಂಡು ಇಳಿಯುವವನು ಮರಣದ ಬಾಯಿಗೇ ಇಳಿಯುತ್ತಾನೆ. ಹೀಗಿರುವಲ್ಲಿ ‘ಅವನಿಗೆ ಗೊತ್ತಿತ್ತು’ ಎಂಬ ಮಾತಿನಲ್ಲಿ ಎಷ್ಟು ಸತ್ಯ ಉಳಿಯಿತು? ಗುಂಡಿಯು ಅಪಾಯದ ಸ್ಥಳವೆಂದು ಅವನಿಗೆ ಗೊತ್ತಿತ್ತು, ನಿಜ. ಆದರೆ ಅಪಾಯವು ಎಷ್ಟು, ಈಹೊತ್ತು ಎಲ್ಲಿ ನಿಂತಿದೆ ಎಂಬದನ್ನು ಅಳೆಯುವ ಯಂತ್ರವು ಅವನ ಕೈಯಲ್ಲಿ ಇರಲಿಲ್ಲ.

ನನ್ನ ಆಲೋಚನೆಯನ್ನು ಈಗಲೇ ಸ್ಪಷ್ಟಪಡಿಸುವೆನು. ಅಪಾಯದಲ್ಲಿ ಎರಡು ವಿಧವುಂಟು. ಕೆಲವು ಅಪಾಯಗಳು ಕೆಲಸದ ಸಂಗಡಲೇ ಹುಟ್ಟಿದವು. ಎಷ್ಟು ಜಾಗ್ರತೆ ಮಾಡಿದರೂ ಸ್ವಲ್ಪ ಉಳಿಯುತ್ತವೆ. ಸಮುದ್ರಕ್ಕೆ ಹೋಗುವ ಮೊಗವೀರನು ಇದನ್ನು ಬಲ್ಲನು, ಬೆಂಕಿ ಆರಿಸುವವನೂ ಬಲ್ಲನು. ಇಂಥಾದ್ದಕ್ಕೆ ಮನುಷ್ಯನು ಒಪ್ಪಬಹುದು; ಒಪ್ಪುವದರಲ್ಲಿ ಒಂದು ಘನತೆಯೂ ಇದೆ. ಬೇರೆ ಕೆಲವು ಅಪಾಯಗಳು ಒಂದು ಹಗ್ಗದಿಂದ, ಒಂದು ಬೇಲಿಯಿಂದ, ಎರಡು ತಾಸು ಕಾಯುವದರಿಂದ, ಹತ್ತು ಕೊಡ ನೀರಿನಿಂದ ಹೋಗತಕ್ಕವುಗಳು. ಅವು ಉಳಿದಿರುವದು ಯಾರೋ ಆ ಹಗ್ಗವನ್ನು ತರಲಿಲ್ಲವಾದದರಿಂದಲೇ. ಆಳಿನ ಒಪ್ಪಿಗೆಯು ಮೊದಲಿನದನ್ನು ಮುಟ್ಟಬಹುದು, ಎರಡನೆಯದನ್ನು ಮುಟ್ಟಲಾರದು. ಯಜಮಾನನು ಮಾಡದೆ ಬಿಟ್ಟದ್ದರ ಸ್ಥಾನದಲ್ಲಿ ಆಳಿನ ಒಪ್ಪಿಗೆಯನ್ನು ನಿಲ್ಲಿಸಕೂಡದು ಎಂಬದೇ ನನ್ನ ವಾದ.

ಈ ಭೇದವನ್ನು ಕಾಣುವದಕ್ಕೆ ಲೋಕದ ನ್ಯಾಯಸ್ಥಾನಗಳಿಗೆ ಬಹಳ ಕಾಲ ಹಿಡಿಯಿತು. ನಮ್ಮ ದೇಶದ ಕಾರ್ಖಾನೆಯ ಕಾಯಿದೆಗಳು ಇಂಗ್ಲೆಂಡಿನ ಮಾದರಿಯಿಂದ ಬಂದವುಗಳಾದ ಕಾರಣ, ಅಲ್ಲಿಯ ಎರಡು ವ್ಯಾಜ್ಯಗಳನ್ನು ತಿಳುಕೊಳ್ಳುವದು ಒಳ್ಳೆಯದು. ೧೮೩೭ರಲ್ಲಿ ಪ್ರೀಸ್ಟ್‌ಲಿ ಎಂಬ ಆಳು ತನ್ನ ಧಣಿಯಾದ ಫೌಲರ್ ಎಂಬ ಕಟುಕನ ಮೇಲೆ ಹೂಡಿದ ವ್ಯಾಜ್ಯದ ತೀರ್ಪಾಯಿತು. ಮಾಂಸವನ್ನು ಅತಿಯಾಗಿ ಹೇರಿದ ಬಂಡಿಯು ಮುರಿದು ಬಿದ್ದು ಆಳಿನ ತೊಡೆ ಮುರಿದಿತ್ತು. ಪಂಚಾಯಿತರು ಅವನಿಗೆ ನೂರು ಪೌಂಡು ಕೊಡಿಸಿದರು. ಆದರೆ ಮೇಲಿನ ನ್ಯಾಯಸ್ಥಾನದಲ್ಲಿ ಲಾರ್ಡ್ ಆಬಿಂಜರ್ ಎಂಬ ನ್ಯಾಯಾಧಿಪತಿಯು ಅದನ್ನು ತಳ್ಳಿಹಾಕಿದನು. ಅಪಾಯವೆಂದು ತೋರಿದರೆ ಆಳು ಆ ಕೆಲಸವನ್ನು ಬೇಡವೆನ್ನಬಹುದಾಗಿತ್ತು. ಬಂಡಿಯ ಸ್ಥಿತಿಯು ಧಣಿಗಿಂತ ಅವನಿಗೇ ಹೆಚ್ಚಾಗಿ ಗೊತ್ತಿರಬಹುದು ಎಂಬದು ಅವನ ಅಭಿಪ್ರಾಯ. ಇಂಥಾ ದಾವೆಗೆ ಎಡೆ ಕೊಟ್ಟರೆ, ಒದ್ದೆ ಹಾಸಿಗೆ ಹಾಕಿದ ದಾಸಿಯ ತಪ್ಪಿಗೂ ತಾಮ್ರದ ಪಾತ್ರೆಯನ್ನು ತೊಳೆಯದ ಅಡಿಗೆಯವಳ ತಪ್ಪಿಗೂ ಧಣಿಯೇ ಉತ್ತರ ಕೊಡಬೇಕಾದೀತೆಂದು ಅವನು ಅಂಜಿದನು. ಮನೆಯಾಳಿನ ಒದ್ದೆ ಹಾಸಿಗೆಯನ್ನು ನೆನಸಿ ಬರೆದ ಆ ತೀರ್ಪೇ ಮುಂದೆ ರೈಲು, ಗಣಿ, ಗಿರಣಿಗಳಲ್ಲಿ ಕೈಕಾಲು ಕಳಕೊಂಡವರ ದಾರಿಗೆ ಗೋಡೆಯಾಯಿತು.

ಐವತ್ತುನಾಲ್ಕು ವರುಷಗಳ ತರುವಾಯ, ೧೮೯೧ರಲ್ಲಿ, ಸ್ಮಿತ್ ಎಂಬ ಕೆಲಸಗಾರನ ವ್ಯಾಜ್ಯವು ಲಾರ್ಡರ ಸಭೆಗೆ ಬಂತು. ರೈಲುದಾರಿಗಾಗಿ ಬಂಡೆ ಕಡಿಯುವಲ್ಲಿ ಇವನು ರಂಧ್ರ ಕೊರೆಯುತ್ತಿದ್ದನು. ಇವನ ತಲೆಯ ಮೇಲಿನಿಂದ ಎತ್ತುವ ಯಂತ್ರವೊಂದು ಕಲ್ಲುಗಳನ್ನು ತೂಗಿಸಿಕೊಂಡು ಹೋಗುತ್ತಿತ್ತು. ಕಲ್ಲು ಬರುವದೆಂದು ಎಚ್ಚರಿಸುವವರಿಲ್ಲ. ಕೊರೆಯುವವನ ಕಣ್ಣು ಕೆಲಸದ ಮೇಲಿರುವದರಿಂದ ತಾನಾಗಿ ನೋಡುವದಕ್ಕೂ ಆಗುವದಿಲ್ಲ. ಒಂದು ದಿವಸ ಕಲ್ಲು ಬಿತ್ತು. ಅಪಾಯವು ಅವನಿಗೆ ಗೊತ್ತಿತ್ತೆಂದು ಅವನೇ ಅಂಗೀಕರಿಸಿದನು. ಆದರೂ ಲಾರ್ಡರು ಅವನ ಪಕ್ಷವಾಗಿ ತೀರ್ಪು ಕೊಟ್ಟರು. ಅಪಾಯವನ್ನು ಅರಿತು ಕೆಲಸದಲ್ಲಿ ಮುಂದುವರಿದ ಮಾತ್ರಕ್ಕೆ, ಧಣಿಯ ಅಜಾಗ್ರತೆಯನ್ನು ಅವನು ತನ್ನ ಮೇಲೆ ತಕ್ಕೊಂಡನೆಂದು ಹೇಳಕೂಡದು ಎಂಬದು ಆ ತೀರ್ಪಿನ ತಾತ್ಪರ್ಯ. ಅರಿಯುವದು ಬೇರೆ, ಒಪ್ಪುವದು ಬೇರೆ. ಮಳೆ ಬರುವದೆಂದು ಅರಿತು ಹೊಲಕ್ಕೆ ಹೋಗುವವನು ನೆರೆಯವನು ಕಟ್ಟೆಯನ್ನು ಒಡೆಯುವದಕ್ಕೆ ಒಪ್ಪಿದ ಹಾಗಾಯಿತೋ?

ಲಾರ್ಡರು ೧೮೯೧ರಲ್ಲಿ ಕಂಡದ್ದಕ್ಕಿಂತ ಇನ್ನೂ ಆಳವಾದದ್ದನ್ನು ಸಮುವೇಲನ ಎರಡನೆಯ ಗ್ರಂಥದ ೨೩ನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ. ದಾವೀದನು ಬಾಯಾರಿ, ಬೇತ್ಲೆಹೇಮಿನ ಬಾಗಿಲ ಬಳಿಯಲ್ಲಿರುವ ಬಾವಿಯ ನೀರು ಸಿಕ್ಕಿದರೆ ಚೆನ್ನಾಗಿತ್ತೆಂದು ಆಶೆಪಟ್ಟನು. ಅಪ್ಪಣೆ ಕೊಡಲಿಲ್ಲ, ಬರೀ ಆಶೆಪಟ್ಟನು. ಮೂವರು ಶೂರರು ತಾವಾಗಿಯೇ ಎದ್ದು ಫಿಲಿಷ್ಟಿಯರ ದಂಡಿನೊಳಗೆ ನುಗ್ಗಿ ನೀರು ತಂದರು. ಇವರಿಗಿಂತ ಮನಃಪೂರ್ವಕವಾಗಿ ಒಪ್ಪಿದವರು ಎಲ್ಲಿದ್ದಾರೆ? ಹೊಟ್ಟೆಯ ಸಂಕಟವೂ ಅವರನ್ನು ತಳ್ಳಿರಲಿಲ್ಲ. ಆದರೂ ದಾವೀದನು ಅದನ್ನು ಕುಡಿಯಲಿಲ್ಲ. ಪ್ರಾಣದ ಹಂಗು ತೊರೆದು ಹೋದವರ ರಕ್ತವೆಂದು ಅದನ್ನು ಎಣಿಸಿ ಕರ್ತನ ಮುಂದೆ ಹೊಯ್ದುಬಿಟ್ಟನು. ಅವರು ಒಪ್ಪಿಯೇ ಹೋದರೆಂಬ ಮಾತು ಅವನ ನಾಲಿಗೆಯಲ್ಲಿಯೂ ಬಂದಿರಬಹುದಲ್ಲವೇ? ಆ ಮಾತಿನಿಂದ ನೀರು ಅವನಿಗೆ ಸಿಹಿಯಾಗಲಿಲ್ಲ. ಈ ವೃತ್ತಾಂತವನ್ನು ಶೂರರ ಸ್ವಾಮಿಭಕ್ತಿಗೆ ದೃಷ್ಟಾಂತವಾಗಿ ನಾವು ಪದೇ ಪದೇ ಕೇಳಿದ್ದೇವೆ. ಕೂಲಿ ಕೊಡುವವರ ಪಾಠವಾಗಿ ಇದನ್ನು ಓದುವದು ಅಪರೂಪ.

ನಮ್ಮ ದೇಶಕ್ಕೆ ಬರೋಣ. ಹಿಂದೂಸ್ತಾನದಲ್ಲಿ ಮೊದಲನೆಯ ಕಾರ್ಖಾನೆಯ ಕಾಯಿದೆಯು ೧೮೮೧ರಲ್ಲಿ ಆಯಿತು. ಏಳು ವರುಷಕ್ಕಿಂತ ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಇಡಕೂಡದು, ಅಪಾಯಕರವಾದ ಯಂತ್ರಗಳಿಗೆ ಬೇಲಿ ಹಾಕಬೇಕು ಎಂದು ಅದು ವಿಧಿಸಿತು. ಏಳು ವರುಷವೆಂಬದನ್ನು ಕೇಳಿ ಇಂದು ನಾವು ತಲೆ ತಗ್ಗಿಸುತ್ತೇವೆ; ಆಗ ಅಷ್ಟಕ್ಕೂ ವಿರೋಧವಿತ್ತು. ನೂರು ಮಂದಿಗಿಂತ ಕಡಿಮೆ ಜನರು ದುಡಿಯುವ ಸ್ಥಳಕ್ಕೆ ಆ ಕಾಯಿದೆಯು ಹತ್ತುತ್ತಲೇ ಇರಲಿಲ್ಲ. ಇಲ್ಲಿ ಒಂದು ಪಕ್ಕದ ಮಾತು. ಬೊಂಬಾಯಿಯಲ್ಲಿ ಸೊರಾಬ್ಜಿ ಶಾಪುರ್ಜಿ ಬೆಂಗಾಲಿಯವರಂಥಾ ದಯಾಳುಗಳು ಈ ಕಾಯಿದೆಗಾಗಿ ಪ್ರಯಾಸಪಟ್ಟರು, ನಿಜ. ಆದರೆ ಲಂಕಾಷೈರಿನ ಗಿರಣಿಯವರೂ ಇದನ್ನು ಒತ್ತಾಯಪಡಿಸಿದರು. ಬೊಂಬಾಯಿಯ ಗಿರಣಿಗಳ ಅಗ್ಗದ ಕೂಲಿಯು ತಮ್ಮ ವ್ಯಾಪಾರವನ್ನು ಕೆಡಿಸೀತೆಂಬ ಭಯವೇ ಅವರನ್ನು ದಯಾಳುಗಳನ್ನಾಗಿ ಮಾಡಿತು. ಅಶುದ್ಧವಾದ ಕೈಯಿಂದ ಬಂದ ಬೇಲಿಯಾದರೂ ಮಗುವಿನ ಬೆರಳನ್ನು ಉಳಿಸಿತೆಂದು ನಾವು ಸಂತೋಷಪಡಬಹುದು.

ಸ್ವಾತಂತ್ರ್ಯ ಬಂದ ಮೇಲೆ ಆದ ೧೯೪೮ರ ಕಾರ್ಖಾನೆಗಳ ಕಾಯಿದೆಯು ೧೯೪೯ರ ಏಪ್ರಿಲ್ ೧ರಿಂದ ನಡೆಯಲಾರಂಭಿಸಿತು. ಅದರ ೩೬ನೆಯ ಕಲಮನ್ನು ನಾನು ಓದಿದಾಗ, ಒಂದೇ ಒಂದು ಪದದ ಬಳಿಯಲ್ಲಿ ನಿಲ್ಲಬೇಕಾಯಿತು. ವಿಷಗಾಳಿ ಇರಬಹುದಾದ ತೊಟ್ಟಿ, ಗುಂಡಿ, ಕೊಳವೆ ಮುಂತಾದ ಇಕ್ಕಟ್ಟಿನ ಸ್ಥಳಗಳ ವಿಷಯದಲ್ಲಿ, ಯಾರನ್ನೂ ಒಳಗೆ ಹೋಗಬೇಕೆಂದು ಒತ್ತಾಯಪಡಿಸಕೂಡದು ಎಂದಷ್ಟೇ ಅದು ಹೇಳಿದ್ದಲ್ಲ. ಹೋಗಗೊಡಲೂ ಕೂಡದು ಎಂದಿತು. ಒತ್ತಾಯವಿಲ್ಲದಿದ್ದರೂ, ಆಳು ತಾನಾಗಿಯೇ ‘ಅಯ್ಯಾ, ಒಂದು ಗಳಿಗೆಯಲ್ಲಿ ಇಳಿದು ಬರುತ್ತೇನೆ’ ಎಂದರೂ, ಬಿಡಕೂಡದು. ಒಪ್ಪಿಗೆಯೆಂಬ ಬಾಗಿಲನ್ನು ಕಾಯಿದೆಯು ಆ ಒಂದು ಪದದಿಂದ ಮುಚ್ಚಿತು. ಹೋಗಲೇಬೇಕಾದರೆ ಮೊದಲು ಕೆಟ್ಟ ಗಾಳಿಯನ್ನು ತೆಗೆಯುವದಕ್ಕೆ ಸಾಧ್ಯವಾದದ್ದನ್ನೆಲ್ಲಾ ಮಾಡಿರಬೇಕು. ಆ ಮೇಲೆ ತಿಳಿದವನೊಬ್ಬನು ತಾನೇ ಪರೀಕ್ಷಿಸಿ ಅಪಾಯವಿಲ್ಲವೆಂದು ಬರೆದುಕೊಟ್ಟಿರಬೇಕು. ಇಲ್ಲವೆ ಇಳಿಯುವವನು ಉಸಿರಾಟದ ಸಾಧನವನ್ನು ತೊಟ್ಟು, ಸೊಂಟದ ಪಟ್ಟಿಗೆ ಹಗ್ಗ ಕಟ್ಟಿಕೊಂಡು, ಆ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತವನೊಬ್ಬನು ಹಿಡಿದಿರಬೇಕು.

ಹಗ್ಗದ ಆ ಇನ್ನೊಂದು ತುದಿಯ ವಿಷಯವಾಗಿ ಸ್ವಲ್ಪ ಯೋಚಿಸಿರಿ. ಗುಂಡಿಯಲ್ಲಿ ಒಬ್ಬನು ಬಿದ್ದಾಗ ಸಾಮಾನ್ಯವಾಗಿ ಒಬ್ಬನೇ ಸಾಯುವದಿಲ್ಲ. ತಮ್ಮನು ಬಿದ್ದನೆಂದು ಅಣ್ಣನು ಇಳಿಯುತ್ತಾನೆ, ಅಣ್ಣನು ಏಳಲಿಲ್ಲವೆಂದು ನೆರೆಯವನು ಇಳಿಯುತ್ತಾನೆ. ಮೊದಲನೆಯವನನ್ನು ಕೊಂದ ಗಾಳಿಯೇ ಎರಡನೆಯವನನ್ನೂ ಮೂರನೆಯವನನ್ನೂ ಕೊಲ್ಲುತ್ತದೆ. ಪ್ರೀತಿಯು ಇಲ್ಲಿ ಪ್ರೀತಿಯನ್ನೇ ಕೊಲ್ಲುವಂತಾಗುತ್ತದೆ. ಹಗ್ಗವಿದ್ದರೆ ಇಳಿಯದೆಯೇ ಎಳೆಯಬಹುದು. ಕಾಯಿದೆ ಬರೆದವರು ಅಣ್ಣನ ಸ್ವಭಾವವನ್ನು ಚೆನ್ನಾಗಿ ಅರಿತಿದ್ದರೆಂದು ನನಗೆ ತೋರುತ್ತದೆ.

ಇನ್ನು ಕಾಣದ ಅಪಾಯದ ಮಾತು. ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಲ್ಪಟ್ಟವು. ಅಷ್ಟರೊಳಗೆ ಅವು ನೆಲದೊಳಕ್ಕೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಹೋಗಿದ್ದವು. ಅಲ್ಲಿಯ ಬಂಡೆಗಳು ಒತ್ತಡದಿಂದ ತಾವಾಗಿ ಸಿಡಿಯುವದನ್ನು ಕೆಲಸಗಾರರು ಬಲ್ಲವರಾಗಿದ್ದರು, ಭಯಪಡುತ್ತಲೂ ಇದ್ದರು. ಆದರೆ ಅದಕ್ಕಿಂತ ಮೆಲ್ಲಗೆ ಕೊಲ್ಲುವ ಇನ್ನೊಂದಿತ್ತು. ಕಲ್ಲನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳಿಯ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ತುದಿಯ ತನಕ ಹೋಗಿ ಅಲ್ಲಿಯೇ ನಿಲ್ಲುತ್ತವೆ. ಸುತ್ತಲಿನ ಮಾಂಸವು ಗಾಯದ ಕಲೆಯಂತೆ ಗಟ್ಟಿಯಾಗುತ್ತಾ ಬರುತ್ತದೆ. ವರುಷಗಳಾದ ಮೇಲೆ ಮೆಟ್ಟಲು ಹತ್ತುವದಕ್ಕೂ ಉಸಿರು ಸಾಲದು. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಗುಣಪಡಿಸುವ ಮದ್ದಿಲ್ಲ. ೧೯೪೦ರ ದಶಕದಲ್ಲಿ ಈ ಗಣಿಗಳ ಏಳು ಸಾವಿರಕ್ಕೂ ಮಿಕ್ಕಿದ ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿದಾಗ, ನೂರಕ್ಕೆ ನಾಲ್ವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಕಂಡುಬಂತು. ಇವರು ಯಾವುದಕ್ಕೆ ಒಪ್ಪಿದ್ದರು? ಕತ್ತಲೆಗೆ ಒಪ್ಪಿದ್ದರು, ಸೆಕೆಗೆ ಒಪ್ಪಿದ್ದರು, ಸಿಡಿಯುವ ಬಂಡೆಗೆ ಬೇಕಾದರೆ ಒಪ್ಪಿದ್ದರೆನ್ನಿರಿ. ಹತ್ತು ಹದಿನೈದು ವರುಷಗಳ ಮೇಲೆ ತೋರುವ ರೋಗಕ್ಕೆ, ಹೆಸರನ್ನೂ ಕೇಳದ ಮನುಷ್ಯನು ಹೇಗೆ ಒಪ್ಪಿಯಾನು? ಕೊರೆಯುವ ಸ್ಥಳಕ್ಕೆ ನೀರು ಬಿಟ್ಟರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ನಮ್ಮ ಹಳ್ಳಿಗಳ ಬಳಿಯ ಕ್ವಾರಿಗಳಲ್ಲಿ, ಕಲ್ಲು ಪುಡಿಮಾಡುವ ಯಂತ್ರಗಳಲ್ಲಿ, ವಿಗ್ರಹವನ್ನೂ ಒರಳನ್ನೂ ಕೆತ್ತುವ ಶಾಲೆಗಳಲ್ಲಿ ಹಾರುವದು ಇದೇ ಧೂಳು. ಬಾಯಿಗೆ ಕಟ್ಟಿದ ವಸ್ತ್ರವು ಆ ಸೂಕ್ಷ್ಮ ಕಣಗಳನ್ನು ತಡೆಯುವದಿಲ್ಲವೆಂದು ನಮ್ಮ ಯೌವನಸ್ಥರಿಗೆ ತಿಳಿಸಬೇಕು.

ಅಪಾಯವನ್ನು ತಡೆಯುವ ಕಾಯಿದೆ ಒಂದು, ಅಪಾಯವಾದ ಮೇಲೆ ಪರಿಹಾರ ಕೊಡಿಸುವ ಕಾಯಿದೆ ಇನ್ನೊಂದು. ೧೯೨೩ರಲ್ಲಾದ ಕೆಲಸಗಾರರ ಪರಿಹಾರದ ಕಾಯಿದೆಯು, ಕೆಲಸದ ನಿಮಿತ್ತವಾಗಿ ಕೆಲಸದ ಸಮಯದಲ್ಲಿ ಗಾಯವಾದರೆ ಧಣಿಯ ತಪ್ಪನ್ನು ಸಾಧಿಸದೆಯೇ ಹಣ ಸಿಗುವಂತೆ ಮಾಡಿತು. ಅದರಲ್ಲಿದ್ದ ಎರಡು ವಿಧಿಗಳು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟವು. ಪರಿಹಾರವನ್ನು ಬಿಟ್ಟುಕೊಡುತ್ತೇನೆಂದು ಕೆಲಸಗಾರನು ಬರೆದುಕೊಟ್ಟರೂ, ಹೆಬ್ಬೆಟ್ಟು ಒತ್ತಿದರೂ, ಆ ಪತ್ರವು ಶೂನ್ಯ. ಸತ್ತವನ ಪರಿಹಾರವನ್ನು ಧಣಿಯು ವಿಧವೆಯ ಕೈಗೆ ನೇರವಾಗಿ ಕೊಟ್ಟು ಮುಗಿಸಲಾಗದು. ಅಧಿಕಾರಿಯಾದ ಕಮಿಷನರ ಬಳಿಯಲ್ಲಿ ಅದನ್ನು ಇಡತಕ್ಕದ್ದು. ಹೆಣದ ಬದಿಯಲ್ಲಿ ನಾಲ್ಕು ನೋಟುಗಳನ್ನು ಕೊಟ್ಟು ರುಜು ಹಾಕಿಸುವ ಪದ್ಧತಿಯನ್ನು ನೋಡಿದವರಿಗೆ ಈ ವಿಧಿಯ ಜ್ಞಾನ ತಿಳಿಯುವದು. ದುಃಖದ ಮೊದಲನೆಯ ತಾಸಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆಯೆನ್ನಲು ಕಾಯಿದೆಯೂ ಮನಸ್ಸು ಮಾಡಲಿಲ್ಲ.

ಹಾಗಾದರೆ ಆಳಿನ ತಪ್ಪೇ ಇಲ್ಲವೋ ಎಂದು ಕೇಳುವಿರಿ. ಇದೆ. ಕುಡಿದು ಕೆಲಸಕ್ಕೆ ಬರುವವರಿದ್ದಾರೆ; ಯಂತ್ರದ ಕಾಪನ್ನು ಕಳಚಿಟ್ಟು ದುಡಿಯುವವರಿದ್ದಾರೆ; ಕೊಟ್ಟ ಶಿರಸ್ತ್ರಾಣವನ್ನು ಗೂಟಕ್ಕೆ ತೂಗಹಾಕಿ, ಅದನ್ನು ಹಾಕಿಕೊಂಡವನನ್ನು ಹೇಡಿಯೆಂದು ನಗುವವರೂ ಇದ್ದಾರೆ. ಈ ನಗೆಯು ಎಷ್ಟೋ ಮನೆಗಳನ್ನು ಹಾಳುಮಾಡಿದೆ. ದೇಹವು ನನ್ನದೇ, ನಾನು ಬೇಕಾದ ಹಾಗೆ ವೆಚ್ಚಮಾಡುವೆನೆಂದು ಹೆಂಡತಿ ಮಕ್ಕಳಿರುವವನು ಹೇಳಲಾರನು. ಬುದ್ಧಿಪೂರ್ವಕವಾಗಿ ನಿಯಮವನ್ನು ಮೀರಿದವನಿಗೆ ಪರಿಹಾರವಿಲ್ಲವೆಂದು ಕಾಯಿದೆಯೂ ಹೇಳಿತು. ಆದರೆ ಅಲ್ಲಿಯೇ ಒಂದು ವಿನಾಯಿತಿಯನ್ನು ಇಟ್ಟಿತು: ಅವನು ಸತ್ತರೆ, ಮತ್ತು ೧೯೯೫ರ ತಿದ್ದುಪಡಿಯ ಮೇಲೆ ಜೀವಮಾನವೆಲ್ಲಾ ಪೂರ್ತಿಯಾಗಿ ಅಶಕ್ತನಾದರೆ, ಅವನ ತಪ್ಪನ್ನು ಲೆಕ್ಕಿಸದೆ ಹಣವನ್ನು ಕೊಡತಕ್ಕದ್ದು. ಯಾಕಂದರೆ ಕಾಪನ್ನು ಕಳಚಿದವಳು ಅವನ ಹೆಂಡತಿಯಲ್ಲ. ಈ ವಿಧಿಗಳ ಸಾರವು ಈಗ ೨೦೨೦ರ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿದೆ.

ನಮ್ಮ ವಾದಕ್ಕೆ ಬರುವ ಅತ್ಯಂತ ಬಲವಾದ ಆಕ್ಷೇಪವು ಬೇರೆ. ಅದನ್ನು ಬಡವನೇ ತರುತ್ತಾನೆ. ‘ನಿಮ್ಮ ಕಾಯಿದೆಯು ನನ್ನನ್ನು ಗುಂಡಿಯಿಂದ ಎಬ್ಬಿಸಿತು, ಸರಿ; ಸಾಯಂಕಾಲದ ಹಿಟ್ಟನ್ನು ಅದು ತರುವದೋ?’ ಎಂದು ಅವನು ಕೇಳುತ್ತಾನೆ. ಇದಕ್ಕೆ ಸುಲಭವಾದ ಉತ್ತರವಿಲ್ಲ, ಸುಲಭವಾಗಿ ಉತ್ತರ ಕೊಡುವವರನ್ನು ನಾನು ನಂಬುವದೂ ಇಲ್ಲ. ಆದರೆ ಆ ಪ್ರಶ್ನೆಯಲ್ಲಿಯೇ ಒಪ್ಪಿಗೆಯೆಂಬದರ ನಿಜವಾದ ರೂಪವು ಬಯಲಾಗುತ್ತದೆ. ಹಿಟ್ಟಿಲ್ಲದವನು ಹೂಂ ಎಂದದ್ದನ್ನು ತಂದು ನ್ಯಾಯದ ತಕ್ಕಡಿಯಲ್ಲಿ ಇಡುವದಾದರೆ, ಹಸಿವಿನ ತೂಕವನ್ನು ಮೊದಲು ಕಳೆಯಬೇಕಲ್ಲವೇ? ಅದಲ್ಲದೆ ಈ ದೇಶದಲ್ಲಿ ಮಲದ ಗುಂಡಿಗೆ ಇಳಿಯುವ ಒಪ್ಪಿಗೆಯು ಎಲ್ಲಾ ಜಾತಿಗಳಿಂದ ಸಮವಾಗಿ ಬರುವದಿಲ್ಲ. ಹಗ್ಗದ ಕೆಳಗಿನ ತುದಿಯು ತಲೆತಲಾಂತರದಿಂದ ಕೆಲವೇ ಜನಾಂಗಗಳ ಸೊಂಟದಲ್ಲಿದೆ. ಅಜ್ಜನ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆಯು ಮೊಮ್ಮಗನಿಗೆ ಬಾಧ್ಯತೆಯಾಗಿ ಬಂದಿದ್ದರೆ, ಅದನ್ನು ಅವನ ಸ್ವಂತ ಇಚ್ಛೆಯೆಂದು ಕರೆಯುವದು ಮಾತಿಗೇ ಅಪಮಾನ. ಇದನ್ನು ಓದುವವರಲ್ಲಿ ಅನೇಕರಿಗೆ ನಾನು ವಿವರಿಸಬೇಕಾದ ಅಗತ್ಯವಿಲ್ಲ.

ಈ ಕಾರಣದಿಂದಲೇ ೨೦೧೩ರಲ್ಲಿ ಮಲ ಬಾಚುವ ಕೆಲಸವನ್ನು ನಿಷೇಧಿಸುವ ಕಾಯಿದೆಯನ್ನು ಮಾಡುವಾಗ, ಆ ಜನರ ಪುನರ್ವಸತಿಯನ್ನೂ ಅದರ ಹೆಸರಿನಲ್ಲಿಯೇ ಸೇರಿಸಿದರು. ನಿಲ್ಲಿಸುವದು ಅರ್ಧ ಕೆಲಸ. ಬೇರೆ ಜೀವನವನ್ನು ಕೊಡುವದು ಉಳಿದರ್ಧ. ಎರಡನೆಯ ಅರ್ಧವು ಕಾಗದದ ಮೇಲೆ ಇದ್ದಷ್ಟು ಬೀದಿಯಲ್ಲಿ ಕಾಣುವದಿಲ್ಲವೆಂದು ಹೇಳದೆ ಇರಲಾರೆನು. ತಕ್ಕ ಸಾಧನಗಳನ್ನು ಕೊಡದೆ, ಜಾಗ್ರತೆಯ ನಿಯಮಗಳನ್ನು ನಡಿಸದೆ, ಚರಂಡಿಯನ್ನಾಗಲಿ ಮಲದ ತೊಟ್ಟಿಯನ್ನಾಗಲಿ ಶುಚಿಮಾಡುವದಕ್ಕೆ ಯಾರನ್ನೂ ಇಡಕೂಡದೆಂದು ಅದರ ೭ನೆಯ ಕಲಮು ಹೇಳುತ್ತದೆ. ಮೊದಲನೆಯ ಸಾರಿ ತಪ್ಪಿದವನಿಗೆ ಎರಡು ವರುಷಗಳ ತನಕ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿಗಳ ತನಕ ದಂಡ, ಇಲ್ಲವೆ ಎರಡೂ ಆಗಬಹುದು. ೧೯೯೩ರಿಂದ ಈಚೆಗೆ ಚರಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ಹತ್ತು ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ವಿಧಿಸಿತು. ೨೦೨೩ರ ಅಕ್ಟೋಬರ್ ೨೦ರ ತೀರ್ಪಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸತ್ತವರು ಒಪ್ಪಿ ಇಳಿದಿದ್ದರೋ ಎಂಬದು ಆ ಹಣಕ್ಕೆ ಅಡ್ಡವಾಗಲಿಲ್ಲ.

ಕಾರ್ಖಾನೆಗಳ ವಿಷಯದಲ್ಲಿ ಈಗ ಹೊಸ ಏರ್ಪಾಡಾಗಿದೆ. ೧೯೪೮ರ ಕಾಯಿದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ೨೦೨೦ರ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ಧಣಿಯು ಕರ್ತವ್ಯವನ್ನು ನಡಿಸದೆ ಆಳು ಸತ್ತರೆ ಎರಡು ವರುಷಗಳ ತನಕ ಸೆರೆ, ಇಲ್ಲವೆ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೆ ಎರಡೂ ಎಂದು ಅದು ಹೇಳುತ್ತದೆ. ದಂಡದಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟನ್ನು ಸತ್ತವನ ಬಾಧ್ಯಸ್ಥರಿಗೆ ಕೊಡಿಸುವ ಅಧಿಕಾರವೂ ನ್ಯಾಯಸ್ಥಾನಕ್ಕೆ ಉಂಟು. ಇದು ಒಳ್ಳೇದು. ಆದರೆ ಕಾರ್ಖಾನೆಯೆಂದು ಕರೆಯಲ್ಪಡುವದಕ್ಕೆ ಯಂತ್ರಶಕ್ತಿಯಿರುವಲ್ಲಿ ಹಿಂದೆ ಹತ್ತು ಮಂದಿ ಸಾಕಾಗಿತ್ತು, ಈಗ ಇಪ್ಪತ್ತು ಬೇಕು. ಯಂತ್ರಶಕ್ತಿಯಿಲ್ಲದಲ್ಲಿ ಇಪ್ಪತ್ತಿದ್ದದ್ದು ನಾಲ್ವತ್ತಾಗಿದೆ. ಹನ್ನೆರಡು ಮಂದಿ ದುಡಿಯುವ ಮರ ಕೊಯ್ಯುವ ಗಿರಣಿಯಲ್ಲಿ ಗರಗಸದ ಹಲ್ಲುಗಳು ಇಪ್ಪತ್ತು ಮಂದಿಯದಕ್ಕಿಂತ ಮೊಂಡಾಗಿವೆಯೋ? ಸರ್ಕಾರಕ್ಕೆ ತನ್ನ ಕಾರಣಗಳಿರಬಹುದು, ಚಿಕ್ಕ ಉದ್ಯೋಗಗಳ ಭಾರವನ್ನು ತಗ್ಗಿಸಬೇಕೆಂದಿರಬಹುದು. ನನಗೆ ಈ ಲೆಕ್ಕವು ಒಪ್ಪುವದಿಲ್ಲ.

ನಮ್ಮ ಹಳ್ಳಿಗಳ ಕೂಲಿಯಂತೂ ಹೆಚ್ಚುಕಡಿಮೆ ಎಲ್ಲವೂ ಈ ಗೋಡೆಯ ಹೊರಗೇ ಇದೆ. ಬಾವಿ ತೋಡುವದು, ತೆಂಗಿನ ಮರ ಹತ್ತುವದು, ಅಡಿಕೆ ತೋಟಕ್ಕೆ ಮದ್ದು ಹೊಡೆಯುವದು, ಮಾಡು ಹೊದಿಸುವದು, ಇವೆಲ್ಲವೂ ಒಬ್ಬಿಬ್ಬರ ಕೆಲಸ. ಇಲ್ಲಿ ತನಿಖೆಯ ಅಧಿಕಾರಿ ಬರುವದಿಲ್ಲ. ಆಗ ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯದ ಒಂದು ಚಿಕ್ಕ ವಿಧಿಯು ಜ್ಞಾಪಕಕ್ಕೆ ಬರುತ್ತದೆ: ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ತಡೆಗೋಡೆ ಕಟ್ಟಬೇಕು, ಇಲ್ಲವಾದರೆ ಅಲ್ಲಿಂದ ಬಿದ್ದವನ ರಕ್ತಾಪರಾಧವು ಮನೆಯ ಮೇಲೆ ಬರುವದು. ಈ ಆಜ್ಞೆಯು ಅರಸನಿಗಲ್ಲ, ಅಧಿಕಾರಿಗಲ್ಲ, ಸಾಧಾರಣ ಗೃಹಸ್ಥನ ಹೆಸರಿಗೆ ಬಂದದ್ದು. ಬಿದ್ದವನು ಅಂಚಿಗೆ ಯಾಕೆ ಹೋದನು, ಕೆಳಗೆ ನೋಡಲಿಲ್ಲವೋ ಎಂದು ಅದು ಕೇಳುವದೇ ಇಲ್ಲ. ಗೋಡೆಯನ್ನು ಕಟ್ಟುವ ಕಾಲವೂ ಬೀಳುವವನ ಹೆಸರು ಯಾರಿಗೂ ತಿಳಿಯದ ಕಾಲವೇ.

ಮಲದ ತೊಟ್ಟಿಯ ಕಾಯಿದೆಯು ಮಾತ್ರ, ಕಾರ್ಖಾನೆಯದರಂತಲ್ಲದೆ, ಎಣಿಕೆ ಕೇಳದೆ ನಮ್ಮ ಹಿತ್ತಲಿನ ತನಕ ಬರುತ್ತದೆ. ಅದರಲ್ಲಿ ಯಾರೂ ಎಂಬ ಪದದೊಳಗೆ ಮನೆಯ ಒಡೆಯನೂ ಸಭೆಯ ಮೇಲ್ವಿಚಾರಕರೂ ಸೇರಿದ್ದಾರೆ. ಆರಾಧನಾಲಯದ ಹಿಂದಿನ ಶೌಚಗುಂಡಿ, ಹುಡುಗರ ವಸತಿಯ ತೊಟ್ಟಿ, ಗುರುಗಳ ಮನೆಯದು, ಇವು ತುಂಬುವ ಕಾಲ ಬಂದೇ ಬರುತ್ತದೆ. ಆಗ ಕಂತ್ರಾಟುದಾರನು ಬಂದು ಎರಡು ಬೆಲೆಗಳನ್ನು ಹೇಳಬಹುದು: ಹೀರುವ ಯಂತ್ರದ ಲಾರಿಗೆ ಇಷ್ಟು, ಇಬ್ಬರು ಆಳುಗಳಿಗೆ ಇಷ್ಟು. ಎರಡನೆಯದು ಕಡಿಮೆಯೆಂದು ಕಂಡರೆ, ಆ ಕಡಿಮೆಯಾದ ಹಣವು ಎಲ್ಲಿಂದ ಉಳಿಯಿತೆಂದು ಲೆಕ್ಕ ಬರೆಯುವ ಹಿರಿಯರು ಅಲ್ಲಿಯೇ ಕೇಳಲಿ. ಲಾರಿ ಬರುವ ದಾರಿಯು ಇಕ್ಕಟ್ಟಾಗಿದ್ದರೆ ಉದ್ದದ ಕೊಳವೆಯನ್ನು ತರಿಸುವದಕ್ಕೂ, ಬೇಕಾದರೆ ಬೇಲಿಯನ್ನು ಒಂದು ದಿವಸದ ಮಟ್ಟಿಗೆ ತೆಗೆಯುವದಕ್ಕೂ ಈಗಲೇ, ಗುಂಡಿ ತುಂಬುವದಕ್ಕಿಂತ ಮುಂಚೆಯೇ, ಸಭೆಯ ಕೂಟದಲ್ಲಿ ನಿರ್ಣಯಿಸಿ ಪುಸ್ತಕದಲ್ಲಿ ಬರೆದಿಡಬಹುದು.